ಹೊಸ ಫೋನನ್ನು ಬಿಡುಗಡೆಯ ದಿನವೇ ಕೊಳ್ಳುವುದಾದರೆ: ಯಾವ ದಾರಿ ಯಾರಿಗೆ ಸರಿ?

ಐಫೋನ್ 17 ಭಾರತದಲ್ಲಿ ಮಾರಾಟಕ್ಕೆ ಬಂದದ್ದು 2025ರ ಸೆಪ್ಟೆಂಬರ್ 19ರ ಶುಕ್ರವಾರ. ಬೆಂಗಳೂರಿನ ಹೆಬ್ಬಾಳದ ಬಳಿ ಫೀನಿಕ್ಸ್ ಮಾಲ್ ಆಫ್ ಏಷ್ಯಾದಲ್ಲಿ ಆಪಲ್ ಕಂಪನಿ ತನ್ನದೇ ಮಳಿಗೆಯನ್ನು ತೆರೆದು ಆಗಿನ್ನೂ ಹದಿನೇಳು ದಿನಗಳಾಗಿದ್ದವು. ಮುಂಬೈಯ ಬಾಂದ್ರಾ ಕುರ್ಲಾ ಸಂಕೀರ್ಣದ ಮಳಿಗೆಯ ಮುಂದೆ ಆ ಬೆಳಿಗ್ಗೆ ನೂಕುನುಗ್ಗಲಾಗಿ ಭದ್ರತಾ ಸಿಬ್ಬಂದಿ ನಡುವೆ ಬರಬೇಕಾಯಿತು. ಅದೇ ದಿನ ಅದೇ ಫೋನನ್ನು ಅಧಿಕೃತ ಮಾರಾಟಗಾರರ ಅಂಗಡಿಗಳೂ ಮಾರುತ್ತಿದ್ದವು, ಆನ್‌ಲೈನ್ ಮಾರಾಟ ತಾಣಗಳೂ ಮನೆಗೆ ಕಳುಹಿಸುತ್ತಿದ್ದವು. ಆದ್ದರಿಂದ ಬಿಡುಗಡೆಯ ದಿನ ಫೋನ್ ಸಿಗುತ್ತದೆಯೇ ಎಂಬುದು ಈಗ ಅಷ್ಟು ದೊಡ್ಡ ಪ್ರಶ್ನೆಯಲ್ಲ. ಅದನ್ನು ಯಾರ ಕೈಯಿಂದ ತೆಗೆದುಕೊಳ್ಳಬೇಕು, ಹಳೆಯ ಫೋನನ್ನು ಯಾವಾಗ ಬಿಟ್ಟುಕೊಡಬೇಕು, ನಂಬರನ್ನು ಯಾವ ದಿನ ಹೊಸ ಫೋನಿಗೆ ತರಬೇಕು ಎಂಬುದೇ ನಿಜವಾದ ಪ್ರಶ್ನೆ. ಕೊಳ್ಳುವ ದಿನವೂ ಬಳಕೆಗೆ ತರುವ ದಿನವೂ ಒಂದೇ ಆಗಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಮುಂದೆ ಹೇಳುವ ಹೋಲಿಕೆಯೆಲ್ಲ ಈ ಅಭಿಪ್ರಾಯದ ಮೇಲೆಯೇ ನಿಂತಿದೆ. ಉದಾಹರಣೆಗೆ ಐಫೋನ್ 17ನ್ನು ಹಿಡಿದುಕೊಂಡಿದ್ದೇನಾದರೂ ಇಲ್ಲಿನ ಹೆಚ್ಚಿನ ಮಾತುಗಳು ಬೇರೆ ಕಂಪನಿಗಳ ಫೋನುಗಳಿಗೂ ಹೊಂದುತ್ತವೆ.

ಮೊದಲ ದಿನವೋ, ಕೆಲವು ವಾರ ಕಾದೋ

ಮೊದಲ ದಿನವೇ ಕೊಳ್ಳುವುದರಿಂದ ಆಗುವ ಲಾಭ ಕಂಪನಿಯಿಂದ ಕಂಪನಿಗೆ ಬೇರೆ. ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್ ಸರಣಿಯ ಫೋನುಗಳಿಗೆ ಭಾರತದಲ್ಲಿ ಮುಂಗಡ ಬುಕ್ಕಿಂಗ್ ಮಾಡಿದವರಿಗೆ ವಿಶೇಷ ಕೊಡುಗೆಗಳನ್ನು ಇಡುತ್ತದೆ. 2025ರ ಎಸ್25 ಅಲ್ಟ್ರಾ ಫೋನಿಗೆ 256 ಜಿಬಿಯ ಬೆಲೆಯಲ್ಲಿ 512 ಜಿಬಿಯ ಫೋನ್ ಕೊಡುವ ಕೊಡುಗೆ ಇತ್ತು, ಮತ್ತು ಅಂಥವು ಸಾಮಾನ್ಯವಾಗಿ ಬುಕ್ಕಿಂಗ್ ಅವಧಿ ಮುಗಿದ ಮೇಲೆ ಸಿಗುವುದಿಲ್ಲ. ಅಂಥ ಫೋನನ್ನು ಹೇಗಿದ್ದರೂ ಕೊಳ್ಳಲೇಬೇಕೆಂದಿರುವವರು ಬುಕ್ಕಿಂಗ್ ಅವಧಿಯಲ್ಲಿಯೇ ಕೊಳ್ಳುವುದು ಲೆಕ್ಕಕ್ಕೆ ಸರಿ. ಐಫೋನಿನಲ್ಲಿ ಲಾಭ ಹೆಚ್ಚಾಗಿ ಬ್ಯಾಂಕ್ ಕಾರ್ಡಿನ ಕ್ಯಾಶ್‌ಬ್ಯಾಕ್ ರೂಪದಲ್ಲಿರುತ್ತದೆ, ಮತ್ತು ಅದು ಬಿಡುಗಡೆಯ ದಿನಕ್ಕೆ ಮಾತ್ರ ಸೀಮಿತವಾಗಿರುವುದು ಅಪರೂಪ. ಹಾಗಾಗಿ ಐಫೋನ್ ಕೊಳ್ಳುವವರು ದಿನಾಂಕದ ಒತ್ತಡಕ್ಕೆ ಮಣಿಯಬೇಕಾದ ಕಾರಣ ಕಡಿಮೆ.

ಕಾಯುವುದರಿಂದ ಏನು ಸಿಗುತ್ತದೆ ಎಂಬುದನ್ನೂ ಅದೇ ಸೆಪ್ಟೆಂಬರ್ ತೋರಿಸಿಕೊಟ್ಟಿತು. ಐಫೋನ್ 17, ಐಫೋನ್ ಏರ್ ಮತ್ತು 17 ಪ್ರೊ ಫೋನುಗಳಲ್ಲಿ ವೈಫೈ ಹಾಗೂ ಬ್ಲೂಟೂತ್ ಸಂಪರ್ಕ ಆಗಾಗ ಕಡಿದುಹೋಗುವ ತೊಂದರೆಯನ್ನೂ, ಕೆಲವು ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಬೇಡದ ಕಲೆಗಳು ಮೂಡುವ ತೊಂದರೆಯನ್ನೂ ಆಪಲ್ ತಿಂಗಳ ಕೊನೆಯ, ಐಫೋನಿನ ತಂತ್ರಾಂಶವಾದ ಐಒಎಸ್ 26.0.1 ಅಪ್‌ಡೇಟಿನಲ್ಲಿ ಸರಿಪಡಿಸಿತು. ಇವು ಸಣ್ಣ ತೊಂದರೆಗಳು, ಹತ್ತು ದಿನಗಳಲ್ಲಿ ನಿವಾರಣೆಯಾದವು. ದೊಡ್ಡ ತೊಂದರೆಯ ಉದಾಹರಣೆ ಬೇಕಿದ್ದರೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಇದೆ. 2016ರ ಆಗಸ್ಟ್ 19ರಂದು ಅಮೆರಿಕ ಮೊದಲಾದ ದೇಶಗಳಲ್ಲಿ ಮಾರಾಟಕ್ಕೆ ಬಂದ ಆ ಫೋನಿನ ಬ್ಯಾಟರಿಗಳು ಹೊತ್ತಿಕೊಂಡ ಕಾರಣ ಸೆಪ್ಟೆಂಬರ್ 2ರಂದು ಕಂಪನಿ ಅದನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಹೇಳಿತು, ಅಕ್ಟೋಬರಿನಲ್ಲಿ ತಯಾರಿಕೆಯನ್ನೇ ನಿಲ್ಲಿಸಿತು. ಭಾರತದಲ್ಲಿ ಅದರ ಮಾರಾಟ ಆರಂಭವಾಗಲೇ ಇಲ್ಲ. ಹೀಗೆ ಆಗುವುದು ತೀರಾ ಅಪರೂಪ. ಆದರೆ ಮನೆಯಲ್ಲಿ ಒಂದೇ ಫೋನನ್ನು ನಂಬಿ ವ್ಯಾಪಾರ ನಡೆಸುವವರು ಮೊದಲ ಎರಡು ಮೂರು ವಾರ ಬೇರೆಯವರ ಅನುಭವ ಕೇಳಿಕೊಂಡು ನಂತರ ಕೊಳ್ಳುವುದರಲ್ಲಿ ನಷ್ಟವೇನೂ ಇಲ್ಲ.

ಬೆಲೆಯ ಮಾತು ಇನ್ನೊಂದು. ಐಫೋನ್ 17ರ ಬೆಲೆ 256 ಜಿಬಿಗೆ 82,900 ರೂಪಾಯಿ ಎಂದು ಪ್ರಕಟವಾದ ದಿನವೇ ಹಿಂದಿನ ವರ್ಷದ ಐಫೋನ್ 16ರ ಬೆಲೆ 79,900ರಿಂದ 69,900ಕ್ಕೆ ಇಳಿಯಿತು. ಅದಾಗಿ ಎರಡೇ ವಾರದಲ್ಲಿ, ಸೆಪ್ಟೆಂಬರ್ 23ರಂದು ಆರಂಭವಾದ ಫ್ಲಿಪ್‌ಕಾರ್ಟ್‌ನ ಹಬ್ಬದ ಮಾರಾಟದಲ್ಲಿ ಅದೇ 16ನ್ನು 51,999 ರೂಪಾಯಿಗೆ ಕೊಡುವುದಾಗಿ ಜಾಹೀರಾತು ಬಂತು. ಅಂದರೆ ಹೊಸದಕ್ಕೂ ಹಿಂದಿನದಕ್ಕೂ ಸುಮಾರು 31,000 ರೂಪಾಯಿ ಅಂತರ. ಈ ಹೋಲಿಕೆಯಲ್ಲಿ ಒಂದು ಎಚ್ಚರಿಕೆ ಬೇಕು: ಐಫೋನ್ 16 ಆರಂಭವಾಗುವುದು 128 ಜಿಬಿಯಿಂದ, 17 ಆರಂಭವಾಗುವುದು 256 ಜಿಬಿಯಿಂದ, ಜೊತೆಗೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬ ಲೆಕ್ಕದಲ್ಲಿ 17ರ ಪರದೆ 120 ಹರ್ಟ್ಸ್‌ನದು, 16ರದು 60 ಹರ್ಟ್ಸ್‌ನದು. ಮಕ್ಕಳ ವೀಡಿಯೊ, ಕಾರ್ಯಕ್ರಮದ ಚಿತ್ರಗಳು ಎಂದು ಎಲ್ಲವನ್ನೂ ಫೋನಿನಲ್ಲೇ ಇಟ್ಟುಕೊಳ್ಳುವವರಿಗೆ 128 ಜಿಬಿ ಎರಡು ವರ್ಷಕ್ಕೇ ತುಂಬಿಹೋಗಬಹುದು. ಕರೆ, ವಾಟ್ಸಾಪ್, ಯುಪಿಐ, ಒಂದಿಷ್ಟು ಚಿತ್ರ ಎಂದು ಬಳಸುವವರಿಗೆ ಹಿಂದಿನ ವರ್ಷದ ಫೋನ್ ಧಾರಾಳವಾಗಿ ಸಾಕು, ಅಂಥವರಿಗೆ ನಾನು ಹೊಸದನ್ನು ಕೊಳ್ಳಿ ಎಂದು ಹೇಳುವುದಿಲ್ಲ.

ಆ ತಿಂಗಳು ಇನ್ನೊಂದು ತಪ್ಪು ತಿಳಿವಳಿಕೆಯೂ ಹಬ್ಬಿತ್ತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯುತ್ತದೆ, ಮೂರು ದಿನ ತಡೆದರೆ ಫೋನೂ ಅಗ್ಗವಾಗುತ್ತದೆ ಎಂದು ಅನೇಕರು ಕಾದರು. ದೊಡ್ಡ ಟಿವಿ, ಎಸಿಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿದದ್ದು ನಿಜ. ಮೊಬೈಲ್ ಫೋನಿನ ತೆರಿಗೆ ಮಾತ್ರ 2020ರ ಏಪ್ರಿಲ್‌ನಿಂದಲೂ ಶೇ. 18ರಲ್ಲೇ ಇದೆ, ಆಗಲೂ ಬದಲಾಗಲಿಲ್ಲ.

ಎಲ್ಲಿ ಕೊಳ್ಳುವುದು

ಕಂಪನಿಯ ಸ್ವಂತ ಮಳಿಗೆಯಲ್ಲಿ ಕೊಳ್ಳುವುದಕ್ಕೆ ಒಂದು ಗಟ್ಟಿಯಾದ ಕಾರಣವಿದೆ: ಆ ದಿನ ಎಲ್ಲ ಬಣ್ಣಗಳೂ ಎಲ್ಲ ಮಾದರಿಗಳೂ ಇರುವ ಸಾಧ್ಯತೆ ಅಲ್ಲಿಯೇ ಹೆಚ್ಚು, ಮತ್ತು ಹಳೆಯ ಫೋನಿನಿಂದ ಮಾಹಿತಿ ವರ್ಗಾಯಿಸಿಕೊಳ್ಳಲು ಸಿಬ್ಬಂದಿ ಪಕ್ಕದಲ್ಲೇ ನಿಂತು ನೆರವಾಗುತ್ತಾರೆ. ಮುಂಗಡವಾಗಿ ಕಾಯ್ದಿರಿಸಿ ಮಳಿಗೆಯಿಂದ ತೆಗೆದುಕೊಳ್ಳುವ ಸಮಯವನ್ನು ಗೊತ್ತುಮಾಡಿಕೊಂಡರೆ ಉದ್ದನೆಯ ಸಾಲಿನಲ್ಲಿ ನಿಲ್ಲುವ ಅಗತ್ಯವೂ ಬೀಳುವುದಿಲ್ಲ. ಐಫೋನ್ 17ಕ್ಕೆ ಮುಂಗಡ ಕಾಯ್ದಿರಿಸುವಿಕೆ ಸೆಪ್ಟೆಂಬರ್ 12ರ ಸಂಜೆ 5.30ಕ್ಕೆ ಆರಂಭವಾಗಿತ್ತು, ಬೇಕಾದ ಬಣ್ಣ ಬೇಕಾದ ದಿನವೇ ಸಿಗಬೇಕೆಂದರೆ ಆ ಸಂಜೆಯ ಮೊದಲ ಅರ್ಧ ಗಂಟೆಯೇ ಮುಖ್ಯ. ಆದರೆ ಕರ್ನಾಟಕದಲ್ಲಿ ಅಂಥ ಮಳಿಗೆ ಇರುವುದು ಹೆಬ್ಬಾಳದಲ್ಲಿ ಮಾತ್ರ. ನಾನಿರುವ ದಾವಣಗೆರೆಯಿಂದ ಅಲ್ಲಿಗೆ ಸುಮಾರು 260 ಕಿಲೋಮೀಟರ್. ಫೋನಿಗಾಗಿಯೇ ಹೋಗಿಬರುವುದರಲ್ಲಿ ಒಂದು ದಿನವೂ ಎರಡು ಸಾವಿರ ರೂಪಾಯಿಯೂ ಹೋಗುತ್ತದೆ, ಕಲಬುರಗಿಯವರಿಗೂ ಕಾರವಾರದವರಿಗೂ ಇನ್ನೂ ಹೆಚ್ಚು. ಬೆಂಗಳೂರಿನವರಿಗೆ ಇದು ಮೊದಲ ಆಯ್ಕೆ, ಉಳಿದವರಿಗೆ ಅಲ್ಲ.

ಬೆಂಗಳೂರಿನ ಹೊರಗಿನವರಿಗೆ ನನ್ನ ಆಯ್ಕೆ ಊರಿನ ಅಧಿಕೃತ ಮಾರಾಟಗಾರ. ಹೊಸ ಫೋನ್ ಮೊದಲ ದಿನವೇ ಕೆಟ್ಟಿದ್ದರೆ, ಪರದೆಯಲ್ಲಿ ಒಂದು ಗೆರೆ ಕಂಡರೆ, ಒಂದು ಸ್ಪೀಕರ್ ಮೂಕವಾಗಿದ್ದರೆ, ಬಿಲ್ ಹಿಡಿದುಕೊಂಡು ಹೋಗಿ ನಿಲ್ಲಲು ಒಂದು ಜಾಗ ಇರುತ್ತದೆ ಎಂಬುದು ಸಣ್ಣ ವಿಷಯವಲ್ಲ. ಅಂಗಡಿಯಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಬೇಕಾದ ಮಾತುಗಳು ಮಾತ್ರ ಇವೆ. ಬಿಡುಗಡೆಯ ದಿನ ದಾಸ್ತಾನು ಕಡಿಮೆ ಇರುವುದರಿಂದ ಕೆಲವು ಅಂಗಡಿಯವರು ಕವರ್, ಟೆಂಪರ್ಡ್ ಗ್ಲಾಸ್, ವಿಮೆ ಇವನ್ನೆಲ್ಲ ಕೊಂಡರೆ ಮಾತ್ರ ಫೋನ್ ಕೊಡುವುದಾಗಿ ಹೇಳುತ್ತಾರೆ. ಬೇಡವೆಂದು ಸ್ಪಷ್ಟವಾಗಿ ಹೇಳುವ ಹಕ್ಕು ನಿಮಗಿದೆ, ಒಪ್ಪದಿದ್ದರೆ ಇನ್ನೊಂದು ಅಂಗಡಿಗೆ ಹೋಗುವುದೇ ಮೇಲು. ಇನ್ನು ಕೆಲವರು ಡಬ್ಬಿಯನ್ನು ಅಂಗಡಿಯಲ್ಲೇ ಬಿಚ್ಚಿ ಫೋನನ್ನು ಆನ್ ಮಾಡಿಯೇ ಕೊಡುತ್ತಾರೆ, ಹೊರಗೆ ಹೆಚ್ಚಿನ ಬೆಲೆಗೆ ಮಾರಾಟವಾಗದಿರಲಿ ಎಂಬ ಕಾರಣಕ್ಕೆ. ಅದರಲ್ಲಿ ತಪ್ಪಿಲ್ಲ, ಆದರೆ ನಿಮ್ಮ ಕಣ್ಣೆದುರಿಗೇ ಆಗಬೇಕು.

ಆನ್‌ಲೈನ್ ಖರೀದಿಯ ಬಲವಿರುವುದು ಬೆಲೆಯಲ್ಲಿ ಮತ್ತು ಎಕ್ಸ್‌ಚೇಂಜ್ ಬೋನಸ್‌ನಲ್ಲಿ, ಅದರ ದೌರ್ಬಲ್ಯವಿರುವುದು ಬಾಗಿಲ ಬಳಿಯ ಹತ್ತು ನಿಮಿಷಗಳಲ್ಲಿ. ಓಪನ್ ಬಾಕ್ಸ್ ಡೆಲಿವರಿ, ಅಂದರೆ ತಂದವರ ಮುಂದೆಯೇ ಡಬ್ಬಿ ಬಿಚ್ಚಿ ನೋಡುವ ಅವಕಾಶ ಇದ್ದರೆ ಅದನ್ನೇ ಆರಿಸಿಕೊಳ್ಳಿ; ಇಲ್ಲದಿದ್ದರೆ ಪಾರ್ಸೆಲ್ ಮೇಲಿನ ವಿಳಾಸದ ಚೀಟಿಯಿಂದ ಆರಂಭಿಸಿ ಫೋನ್ ಆನ್ ಆಗುವವರೆಗೆ ಎಲ್ಲಿಯೂ ನಿಲ್ಲಿಸದೆ ಒಂದೇ ವೀಡಿಯೊ ಮಾಡಿಕೊಳ್ಳಿ. ಓಪನ್ ಬಾಕ್ಸ್ ಆದರೆ ಒಟಿಪಿ ಹೇಳುವುದು ನೋಡಿ ಮುಗಿದ ಮೇಲೆ. ನಿಮಿಷಗಳಲ್ಲಿ ತಂದುಕೊಡುವ ದಿನಸಿ ಆ್ಯಪ್‌ಗಳೂ ಈಗ ಐಫೋನ್ ಮಾರುತ್ತವೆ. ಅಲ್ಲಿಯೂ ಬಿಲ್ ಯಾವ ಅಧಿಕೃತ ಮಾರಾಟಗಾರನ ಹೆಸರಿನಲ್ಲಿದೆ ಎಂದು ನೋಡಿಕೊಂಡರೆ ಸಾಕು, ಬೇರೆ ಹೇಳುವಂಥದ್ದಿಲ್ಲ.

ಅಮೆರಿಕದಲ್ಲಿರುವ ಭಾವನ ಕೈಯಲ್ಲೋ ದುಬೈಯಲ್ಲಿರುವ ಚಿಕ್ಕಪ್ಪನ ಮಗನ ಕೈಯಲ್ಲೋ ತರಿಸಿಕೊಳ್ಳುವ ಪದ್ಧತಿ ನಮ್ಮ ಮನೆಗಳಲ್ಲಿ ಬಹಳ ಹಳೆಯದು. ಅಮೆರಿಕದಲ್ಲಿ ಐಫೋನ್ 17ರ ಬೆಲೆ 799 ಡಾಲರ್, ಬಿಡುಗಡೆಯ ದಿನಗಳ ವಿನಿಮಯ ದರದಲ್ಲಿ ಸುಮಾರು 70,000 ರೂಪಾಯಿ, ಮತ್ತು ಬಹುತೇಕ ರಾಜ್ಯಗಳಲ್ಲಿ ಮಾರಾಟ ತೆರಿಗೆ ಅದರ ಮೇಲೆ ಬೇರೆ ಸೇರುತ್ತದೆ. ಉಳಿತಾಯ ಕಾಣುತ್ತದೆ ನಿಜ. ಆದರೆ ಅಮೆರಿಕ, ಕೆನಡಾ, ಜಪಾನ್, ಸೌದಿ ಅರೇಬಿಯ, ಯುಎಇ ಮುಂತಾದ ಕಡೆ ಮಾರುವ ಐಫೋನ್ 17ರಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಅವು ಇಸಿಮ್, ಅಂದರೆ ಚಿಪ್ ಹಾಕದೆ ಫೋನಿನೊಳಗೇ ಬರುವ ಸಿಮ್, ಮಾತ್ರ ಒಪ್ಪುತ್ತವೆ. ಭಾರತದಲ್ಲಿ ಮಾರುವ 17ರಲ್ಲಿ ನ್ಯಾನೊ ಸಿಮ್ ಜಾಗವೂ ಇದೆ, ಇಸಿಮ್ ಸೌಲಭ್ಯವೂ ಇದೆ. ಐಫೋನ್ ಏರ್ ಮಾತ್ರ ಇಲ್ಲಿಯೂ ಇಸಿಮ್ ಮಾತ್ರದ ಫೋನ್. ಇದು ಏಕೆ ಇಷ್ಟು ಮುಖ್ಯ ಎಂಬುದು ಸಿಮ್ ವಿಷಯಕ್ಕೆ ಬಂದಾಗ ತಿಳಿಯುತ್ತದೆ. ಮಲೆನಾಡಿನ ಊರುಗಳಲ್ಲಿ ಒಂದೇ ಕಂಪನಿಯ ಟವರ್ ಹಿಡಿಯುವ ಮನೆಗಳವರು, ಆ ಕಂಪನಿಯ ಇಸಿಮ್ ತಮ್ಮ ಹತ್ತಿರದ ಕಚೇರಿಯಲ್ಲಿ ಸಲೀಸಾಗಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ ನಂತರ ಇಂಥ ಫೋನಿನ ಯೋಚನೆ ಮಾಡಬೇಕು. ಇಷ್ಟಕ್ಕೂ ಐಫೋನ್ ಎಂದರೆ ಹೊರಗಿನಿಂದ ಬಂದರೇ ಚೆನ್ನ ಎಂಬ ನಂಬಿಕೆಗೆ ಈಗ ಆಧಾರವಿಲ್ಲ. ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿಯೂ ಕೋಲಾರ ಜಿಲ್ಲೆಯ ನರಸಾಪುರದ ಟಾಟಾ ಕಾರ್ಖಾನೆಯಲ್ಲಿಯೂ ಜೋಡಿಸಿದ ಐಫೋನುಗಳು ಹೊರದೇಶಗಳಿಗೆ ಹೋಗುತ್ತಿವೆ.

ಎಕ್ಸ್‌ಚೇಂಜ್: ಹಳೆಯ ಫೋನ್ ಕೈಬಿಡುವ ಹೊತ್ತು

ಇಡೀ ಖರೀದಿಯಲ್ಲಿ ಜನರು ಅತಿ ಕಡಿಮೆ ಯೋಚಿಸುವ, ಅತಿ ಹೆಚ್ಚು ಕಳೆದುಕೊಳ್ಳುವ ಹಂತ ಇದು. ಅಂಗಡಿಯಲ್ಲಿ ಎಕ್ಸ್‌ಚೇಂಜ್ ಮಾಡುವಾಗ ಎರಡೂ ಫೋನ್ ಮೇಜಿನ ಮೇಲೆ ಪಕ್ಕಪಕ್ಕದಲ್ಲಿರುತ್ತವೆ. ಒಂದು ಗಂಟೆ ಕುಳಿತು ಎಲ್ಲವನ್ನೂ ವರ್ಗಾಯಿಸಿಕೊಂಡ ಮೇಲೆ ಹಳೆಯದನ್ನು ಕೊಡಬಹುದು. ಆನ್‌ಲೈನ್‌ನಲ್ಲಿ ಹಾಗಲ್ಲ. ಹೊಸ ಫೋನ್ ತಂದವರು ಹಳೆಯದನ್ನು ಪರೀಕ್ಷಿಸಿ, ರೀಸೆಟ್ ಮಾಡಿಸಿ, ಆಗಲೇ ತೆಗೆದುಕೊಂಡು ಹೋಗುತ್ತಾರೆ. ಅಂದರೆ ಹೊಸದು ಸರಿಯಾಗಿ ನಡೆಯುತ್ತದೆಯೇ ಎಂದು ತಿಳಿಯುವ ಮೊದಲೇ ಹಳೆಯದು ಖಾಲಿಯಾಗಿ ನಿಮ್ಮ ಮನೆ ಬಿಟ್ಟಿರುತ್ತದೆ.

ನನಗೆ ಇದರ ಪೆಟ್ಟು ಬಿದ್ದಿದೆ. ಆಂಡ್ರಾಯ್ಡ್ ಫೋನ್ ಕೊಟ್ಟು ಐಫೋನ್ ತೆಗೆದುಕೊಂಡಾಗ, ಹಿಂದಿನ ರಾತ್ರಿ ವಾಟ್ಸಾಪ್ ಮಾತುಕತೆಯನ್ನೆಲ್ಲ ಗೂಗಲ್ ಖಾತೆಗೆ ಬ್ಯಾಕಪ್ ಮಾಡಿದ್ದೆ, ಅಷ್ಟು ಮಾಡಿದರೆ ಸಾಕೆಂದು ನಂಬಿದ್ದೆ. ಬೆಳಿಗ್ಗೆ ಬಾಗಿಲಲ್ಲಿ ನಿಂತ ಹುಡುಗ ಹಳೆಯ ಫೋನಿನ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಒಂದು ಸಣ್ಣ ಗೀರಿಗೆ 1,500 ರೂಪಾಯಿ ಕಡಿಮೆ ಮಾಡಿ, ರೀಸೆಟ್ ಮಾಡಿಸಿಕೊಂಡು ಹೋದ. ಅರ್ಧ ಗಂಟೆಯ ನಂತರ ತಿಳಿಯಿತು, ಗೂಗಲ್ ಖಾತೆಯಲ್ಲಿರುವ ವಾಟ್ಸಾಪ್ ಬ್ಯಾಕಪ್ಪನ್ನು ಐಫೋನ್ ನೇರವಾಗಿ ಓದುವುದಿಲ್ಲ ಎಂದು. ಅಮ್ಮನ ರಕ್ತಪರೀಕ್ಷೆಯ ಮೂರು ವರ್ಷದ ವರದಿಗಳೆಲ್ಲ ಆ ಮಾತುಕತೆಯಲ್ಲಿದ್ದವು, ಮರುದಿನ ಡಾಕ್ಟರ ಬಳಿ ಹೋಗುವುದಿತ್ತು. ಕೊನೆಗೆ ತಮ್ಮನ ಬೀರುವಿನಲ್ಲಿ ಬಿದ್ದಿದ್ದ ಇನ್ನೊಂದು ಆಂಡ್ರಾಯ್ಡ್ ಫೋನಿಗೆ ಸಿಮ್ ಹಾಕಿ, ಅದರಲ್ಲಿ ಬ್ಯಾಕಪ್ ಇಳಿಸಿ, ಆಗಷ್ಟೇ ಸಿದ್ಧಮಾಡಿದ್ದ ಹೊಸ ಐಫೋನನ್ನು ಪೂರ್ತಿ ಅಳಿಸಿ, ಮೊದಲಿನಿಂದ ಎಲ್ಲವನ್ನೂ ಮಾಡಬೇಕಾಯಿತು. ಎರಡು ದಿನ ಹಿಡಿಯಿತು. ಆ ಫೋನ್ ಬೀರುವಿನಲ್ಲಿ ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು.

ಆಂಡ್ರಾಯ್ಡ್‌ನಿಂದ ಐಫೋನಿಗೆ ಬರುವವರು ನೆನಪಿಡಬೇಕಾದ ಕ್ರಮ ಹೀಗಿದೆ: ಹಳೆಯ ಫೋನಿನಲ್ಲಿ ಮೂವ್ ಟು ಐಒಎಸ್ ಆ್ಯಪ್ ಹಾಕಿಕೊಂಡು, ಹೊಸ ಐಫೋನನ್ನು ಮೊದಲ ಸಲ ಆನ್ ಮಾಡಿ ಸಿದ್ಧಪಡಿಸುವಾಗಲೇ, ಎರಡನ್ನೂ ಚಾರ್ಜಿಗೆ ಹಾಕಿ, ವಾಟ್ಸಾಪ್ ಸಹಿತ ವರ್ಗಾಯಿಸಿಕೊಳ್ಳಬೇಕು. ಐಫೋನಿನಿಂದ ಐಫೋನಿಗೆ ಬರುವವರಿಗೆ ಕೆಲಸ ಹಗುರ. ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಹೊಸ ಐಫೋನಿಗೆ ಸಿದ್ಧವಾಗುವ ಆಯ್ಕೆಯಿದೆ. ಆಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್‌ನಲ್ಲಿ ಜಾಗ ಸಾಲದಿದ್ದರೂ ತಾತ್ಕಾಲಿಕವಾಗಿ ಉಚಿತ ಜಾಗ ಕೊಟ್ಟು ಪೂರ್ಣ ಬ್ಯಾಕಪ್ ಮಾಡಿಕೊಳ್ಳುತ್ತದೆ. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಹೋಗುವವರಿಗೆ ಗೂಗಲ್ ಬ್ಯಾಕಪ್ ಸಾಕು.

ಬೋನಸ್ ಎಷ್ಟೇ ಆಕರ್ಷಕವಾಗಿದ್ದರೂ, ಆಂಡ್ರಾಯ್ಡ್‌ನಿಂದ ಐಫೋನಿಗೋ ಐಫೋನಿನಿಂದ ಆಂಡ್ರಾಯ್ಡ್‌ಗೋ ಬದಲಾಗುತ್ತಿರುವವರು ಬಾಗಿಲಲ್ಲಿ ಎಕ್ಸ್‌ಚೇಂಜ್ ಮಾಡಬೇಡಿ ಎಂಬುದು ನನ್ನ ಕಳಕಳಿಯ ಮಾತು. ಅಂಗಡಿಯಲ್ಲಿ ಮಾಡಿ, ಅಥವಾ ಮನೆಯ ಹಿರಿಯರಿಗೆ ಕೊಡಿ. ಮೂರು ವರ್ಷದ ಹಳೆಯ ಒಳ್ಳೆಯ ಫೋನಿಗೆ ಎಕ್ಸ್‌ಚೇಂಜ್‌ನಲ್ಲಿ ಬರುವ ಹಣಕ್ಕೆ ಅಪ್ಪನಿಗೋ ಅತ್ತೆಗೋ ಅದರಷ್ಟು ಒಳ್ಳೆಯ ಫೋನ್ ಸಿಗುವುದಿಲ್ಲ.

ಕಂತಿನ ಲೆಕ್ಕ

ನೋ ಕಾಸ್ಟ್ ಇಎಂಐ ಎಂದರೆ ಖರ್ಚೇ ಇಲ್ಲ ಎಂದಲ್ಲ. ಬ್ಯಾಂಕ್ ಬಡ್ಡಿಯನ್ನು ಹಾಕಿಯೇ ಹಾಕುತ್ತದೆ, ಆ ಬಡ್ಡಿಯಷ್ಟು ಮೊತ್ತವನ್ನು ಮಾರುವವರು ಬೆಲೆಯಲ್ಲಿ ಮೊದಲೇ ಕಡಿಮೆ ಮಾಡಿರುತ್ತಾರೆ. ಆದರೆ ಬಡ್ಡಿಯ ಮೇಲಿನ ಶೇ. 18ರ ಜಿಎಸ್‌ಟಿ ನಿಮ್ಮದೇ. 82,900 ರೂಪಾಯಿಯನ್ನು ಆರು ಕಂತುಗಳಲ್ಲಿ, ವಾರ್ಷಿಕ ಶೇ. 16ರ ಬಡ್ಡಿ ಎಂದು ಹಿಡಿದು ಲೆಕ್ಕ ಹಾಕಿದರೆ, ಕಂತು ಸುಮಾರು 13,817 ರೂಪಾಯಿ, ಅದರೊಳಗಿನ ಒಟ್ಟು ಬಡ್ಡಿ ಸುಮಾರು 3,735, ಅದರ ಮೇಲಿನ ಜಿಎಸ್‌ಟಿ ಸುಮಾರು 670. ಪ್ರೊಸೆಸಿಂಗ್ ಶುಲ್ಕ 199 ರೂಪಾಯಿ ಮತ್ತು ಅದರ ತೆರಿಗೆ ಸೇರಿದರೆ 900 ರೂಪಾಯಿಯ ಆಸುಪಾಸು ಹೆಚ್ಚುವರಿ ಹೋಗುತ್ತದೆ. ಇದು ಭಾರವಾದ ಮೊತ್ತವಲ್ಲ, ಆದರೆ ಒಂದೇ ಸಲ ಕಾರ್ಡಿನಲ್ಲಿ ಕೊಟ್ಟರೆ ಸಿಗುವ ಕ್ಯಾಶ್‌ಬ್ಯಾಕ್ ಇಎಂಐಗೂ ಸಿಗುತ್ತದೆಯೇ ಎಂದು ಕೇಳಿಕೊಂಡು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಸ್ವಂತ ವ್ಯವಹಾರಕ್ಕೆ ಜಿಎಸ್‌ಟಿ ನೋಂದಣಿ ಇರುವವರು ಬಿಲ್ ಬರೆಸುವಾಗಲೇ ತಮ್ಮ ಜಿಎಸ್‌ಟಿ ಸಂಖ್ಯೆಯನ್ನು ಹಾಕಿಸಬೇಕು. 82,900ರೊಳಗೆ ತೆರಿಗೆಯ ಪಾಲು ಸುಮಾರು 12,645 ರೂಪಾಯಿ. ವ್ಯವಹಾರಕ್ಕೇ ಬಳಸುವ ಫೋನಾದರೆ ಹೂಡುವಳಿ ತೆರಿಗೆಯ ಜಮೆಗೆ, ಅಂದರೆ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದಕ್ಕೆ, ಈ ಬಿಲ್ಲೇ ಆಧಾರ, ಆಮೇಲೆ ತಿದ್ದಿಸುವುದು ಕಷ್ಟ.

ಡಬ್ಬಿ ತೆರೆದ ಮೇಲೆ

ಐಫೋನಿನ ಡಬ್ಬಿಗೆ ಪ್ಲಾಸ್ಟಿಕ್ ಹೊದಿಕೆ ಈಗಿಲ್ಲ. ಹಿಂಬದಿಯಲ್ಲಿ ಬಾಣದ ಗುರುತಿರುವ ಎರಡು ಕಾಗದದ ಪಟ್ಟಿಗಳಿವೆ, ಎಳೆದರೆ ಸೀಳಿದಂಥ ಸದ್ದು ಮಾಡಿ ಒಂದೇ ಎಳೆಯಾಗಿ ಬರುತ್ತವೆ. ಆ ಪಟ್ಟಿ ಎಲ್ಲಿಯಾದರೂ ಸುಕ್ಕಾಗಿದ್ದರೆ, ಎರಡನೇ ಸಲ ಅಂಟಿಸಿದಂತೆ ಕಂಡರೆ, ಎಳೆಯುವ ಮೊದಲೇ ಕೇಳಿ. ಒಳಗೆ ಫೋನ್, ಯುಎಸ್‌ಬಿ-ಸಿ ಕೇಬಲ್ ಇರುತ್ತವೆ. ಚಾರ್ಜರ್ 2020ರಿಂದಲೂ ಡಬ್ಬಿಯಲ್ಲಿ ಬರುತ್ತಿಲ್ಲ, ಹಾಗಾಗಿ ಮನೆಯಲ್ಲಿ ಸಿ ಕೇಬಲ್ಲಿಗೆ ಹೊಂದುವ ಚಾರ್ಜರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ನಂತರ ಡಯಲ್ ಮಾಡುವ ಜಾಗದಲ್ಲಿ *#06# ಒತ್ತಿದರೆ ಬರುವ ಪ್ರತಿ ಫೋನನ್ನೂ ಗುರುತಿಸುವ 15 ಅಂಕಿಯ ಐಎಂಇಐ ಸಂಖ್ಯೆ, ಡಬ್ಬಿಯ ಮೇಲಿರುವುದು, ಬಿಲ್ಲಿನಲ್ಲಿರುವುದು ಈ ಮೂರೂ ಒಂದೇ ಆಗಿರಬೇಕು. ಅದೇ ಸಂಖ್ಯೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿಯೂ ಪರಿಶೀಲಿಸಬಹುದು. ಐಫೋನಿನ ಅಬೌಟ್ ಪುಟದಲ್ಲಿರುವ ಮಾದರಿ ಸಂಖ್ಯೆ ಇಂಗ್ಲಿಷಿನ ಎಂ ಅಕ್ಷರದಿಂದ ಆರಂಭವಾಗಿದ್ದರೆ ಅದು ಹೊಸದಾಗಿ ಮಾರಿದ ಫೋನ್. ಎಫ್ ಇದ್ದರೆ ದುರಸ್ತಿಮಾಡಿ ಮಾರಿದ್ದು, ಎನ್ ಇದ್ದರೆ ಕೆಟ್ಟದ್ದಕ್ಕೆ ಬದಲಾಗಿ ಕೊಟ್ಟದ್ದು. ಬ್ಯಾಟರಿಯ ಪುಟದಲ್ಲಿ ಎಷ್ಟು ಸಲ ಚಾರ್ಜ್ ಆಗಿದೆ, ಮೊದಲು ಬಳಸಿದ್ದು ಯಾವಾಗ ಎಂಬುದೂ ಐಫೋನ್ 15ರಿಂದ ಈಚೆಗೆ ಕಾಣುತ್ತದೆ. ಈ ಪರೀಕ್ಷೆಗೆಲ್ಲ ಐದು ನಿಮಿಷ ಸಾಕು. ಹಿಂದಕ್ಕೆ ಕೊಡುವುದಿದ್ದರೆ ಆ ದಿನವೇ ಮಾತಾಡುವುದು ಸುಲಭ, ಒಂದು ವಾರ ಬಿಟ್ಟರೆ ಪ್ರತಿ ಮಾತಿಗೂ ಕಾಗದ ಕೇಳುತ್ತಾರೆ.

ಕನ್ನಡದಲ್ಲಿ ಬರೆಯುವವರು ಕೀಲಿಮಣೆಯನ್ನು ಮೊದಲ ದಿನವೇ ಸೇರಿಸಿಕೊಳ್ಳಿ. ಕನ್ನಡ ಕೀಲಿಮಣೆ ಐಫೋನಿನಲ್ಲಿಯೇ ಇದೆ, ಬೇರೆ ಆ್ಯಪ್ ಬೇಕಿಲ್ಲ.

ಸಿಮ್ ಮತ್ತು ಯುಪಿಐ

ಹೊಸ ಫೋನಿಗೆ ನಂಬರ್ ತರುವ ದಾರಿ ಎರಡು: ಇರುವ ಸಿಮ್ಮನ್ನೇ ತೆಗೆದು ಹಾಕುವುದು, ಇಲ್ಲವೇ ಇಸಿಮ್‌ಗೆ ಬದಲಾಯಿಸುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಎನಿಸುತ್ತದೆ. ಆದರೆ ಇರುವ ಸಿಮ್ಮನ್ನು ಪಿನ್ ಚುಚ್ಚಿ ತೆಗೆದು ಹೊಸ ಫೋನಿಗೆ ಹಾಕಿದರೆ ದೂರಸಂಪರ್ಕ ಕಂಪನಿಯ ದೃಷ್ಟಿಯಲ್ಲಿ ಸಿಮ್ ಬದಲಾಗಿಲ್ಲ. ಹೊಸ ಸಿಮ್ ಅಥವಾ ಇಸಿಮ್ ಪಡೆದರೆ ಸಿಮ್ ಬದಲಾದಂತೆ. ವಂಚಕರು ಬೇರೆಯವರ ನಂಬರಿಗೆ ನಕಲಿ ಸಿಮ್ ಪಡೆದು ಖಾತೆ ಖಾಲಿ ಮಾಡುವುದನ್ನು ತಡೆಯಲು ಹೀಗೆ ಬದಲಾದ ಸಿಮ್‌ಗೆ 24 ಗಂಟೆಗಳ ಕಾಲ ಎಸ್ಸೆಮ್ಮೆಸ್ ನಿಲ್ಲಿಸಿರುತ್ತಾರೆ. ಎಸ್ಸೆಮ್ಮೆಸ್ ಇಲ್ಲದಿದ್ದರೆ ಒಟಿಪಿ ಇಲ್ಲ, ಯುಪಿಐ ನೋಂದಣಿಯೂ ಇಲ್ಲ. ಐಫೋನ್ ಏರ್ ಕೊಂಡವರೂ ಅಮೆರಿಕದಿಂದಲೋ ದುಬೈಯಿಂದಲೋ ತರಿಸಿಕೊಂಡವರೂ ಈ ದಾರಿಯಲ್ಲೇ ಹೋಗಬೇಕಾಗುವುದರಿಂದ ಅವರು ಒಂದು ದಿನವನ್ನು ಇದಕ್ಕೆಂದೇ ಬಿಟ್ಟುಕೊಡಬೇಕು. ಸಿಮ್ ಹಾಕುವ ಜಾಗ ಇರುವವರು ಮೊದಲ ದಿನ ಹಳೆಯ ಸಿಮ್ಮನ್ನೇ ಹಾಕಿ, ಇಸಿಮ್ ಬೇಕಿದ್ದರೆ ಮುಂದೆ ಬಿಡುವಾದಾಗ ಮಾಡಿಕೊಳ್ಳಲಿ.

ಯುಪಿಐ ಆ್ಯಪ್ ಹೊಸ ಫೋನಿನಲ್ಲಿ ತೆರೆದಾಗ ಅದು ನಿಮ್ಮ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಕಳುಹಿಸಿ ನಂಬರನ್ನು ಖಾತ್ರಿ ಮಾಡಿಕೊಳ್ಳುತ್ತದೆ. ಎರಡು ಸಿಮ್ ಇರುವವರು ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನೇ ಆರಿಸಬೇಕು, ಎಸ್ಸೆಮ್ಮೆಸ್ ಇಲ್ಲದ ರೀಚಾರ್ಜ್ ಪ್ಯಾಕ್ ಹಾಕಿಸಿರುವವರ ಖಾತೆಯಲ್ಲಿ ಒಂದೆರಡು ರೂಪಾಯಿ ಬ್ಯಾಲೆನ್ಸ್ ಇರಬೇಕು. ಅಪ್ಪ ಅಮ್ಮನ ಫೋನ್ ಬದಲಾಯಿಸುವಾಗ ನೋಂದಣಿ ಮತ್ತೆ ಮತ್ತೆ ವಿಫಲವಾಗುತ್ತಿದ್ದರೆ ಹೆಚ್ಚಿನ ಸಲ ಕಾರಣ ಈ ಎರಡರಲ್ಲೊಂದು. ನೋಂದಣಿ ಆದ ಮೇಲೂ ಮೊದಲ 24 ಗಂಟೆ ಒಟ್ಟು 5,000 ರೂಪಾಯಿಗಿಂತ ಹೆಚ್ಚು ಕಳುಹಿಸಲು ಬಿಡುವುದಿಲ್ಲ, ಐಫೋನಿನಲ್ಲಿ ಕೆಲವು ಬ್ಯಾಂಕುಗಳಿಗೆ ಈ ಮಿತಿ 72 ಗಂಟೆಯವರೆಗೂ ಇರುತ್ತದೆ. ಮಗಳ ಶಾಲೆಯ ಶುಲ್ಕ ಕಟ್ಟುವ ಕೊನೆಯ ದಿನ, ಅಂಗಡಿಗೆ ಸಾಮಾನು ತರುವ ದಿನ, ಊರಿಗೆ ಹೊರಡುವ ಹಿಂದಿನ ರಾತ್ರಿ ಸಿಮ್ ಬದಲಿಸಬಾರದು ಎಂದು ಹೇಳುವುದು ಇದಕ್ಕೇ. ಬಿಡುಗಡೆ ಶುಕ್ರವಾರವಾದರೆ ಶನಿವಾರ ರಾತ್ರಿ ಸಿಮ್ ಹಾಕಿ ಯುಪಿಐ ನೋಂದಾಯಿಸಿಕೊಳ್ಳಿ, ಸೋಮವಾರ ಕೆಲಸಕ್ಕೆ ಹೋಗುವ ಹೊತ್ತಿಗೆ 24 ಗಂಟೆಯ ಮಿತಿ ಕಳೆದಿರುತ್ತದೆ.

ಇನ್ನುಳಿದದ್ದು ಬ್ಯಾಂಕುಗಳ ಸ್ವಂತ ಆ್ಯಪ್‌ಗಳು, ಅವಕ್ಕೆ ಡೆಬಿಟ್ ಕಾರ್ಡ್ ಕೈಯಲ್ಲಿರಲಿ. ಎಂಆಧಾರ್ ಒಂದು ಸಲಕ್ಕೆ ಒಂದೇ ಫೋನಿನಲ್ಲಿ ನಡೆಯುತ್ತದೆ, ಹೊಸದರಲ್ಲಿ ತೆರೆದರೆ ಹಳೆಯದರಲ್ಲಿ ನಿಲ್ಲುತ್ತದೆ. ಕಚೇರಿಯ ಕೆಲಸಕ್ಕೆ ಆರು ಅಂಕಿಯ ಸಂಕೇತ ಕೊಡುವ ಗೂಗಲ್ ಅಥೆಂಟಿಕೇಟರ್ ಆ್ಯಪ್ ಬಳಸುವವರು, ಹಳೆಯ ಫೋನಿನ ಆ್ಯಪ್‌ನಲ್ಲಿ ಖಾತೆ ವರ್ಗಾಯಿಸುವ ಆಯ್ಕೆಯಿಂದ ಕ್ಯೂಆರ್ ಚಿತ್ರ ತೆಗೆದು ಹೊಸದರಲ್ಲಿ ಸ್ಕ್ಯಾನ್ ಮಾಡಿಕೊಂಡು, ಹೊಸದರ ಸಂಕೇತದಿಂದ ಒಂದು ಸಲ ನಿಜವಾಗಿಯೂ ಲಾಗಿನ್ ಆಗಿ ನೋಡಬೇಕು. ಹಳೆಯ ಫೋನನ್ನು ವೈಫೈಗೆ ಹಾಕಿ ಒಂದು ವಾರ ಹಾಗೆಯೇ ಇಟ್ಟಿರಿ. ಆ ವಾರದಲ್ಲಿ ಮರೆತ ಒಂದೋ ಎರಡೋ ಸಂಗತಿ ಖಂಡಿತ ನೆನಪಾಗುತ್ತದೆ: ಗ್ಯಾಸ್ ಬುಕ್ಕಿಂಗ್‌ನ ಪಾಸ್‌ವರ್ಡ್, ರೆಕಾರ್ಡ್ ಮಾಡಿಟ್ಟ ಯಾವುದೋ ಭಜನೆ, ಟಿಪ್ಪಣಿಯಲ್ಲಿ ಬರೆದಿಟ್ಟ ಹಾಲಿನ ಲೆಕ್ಕ. ಅವನ್ನೆಲ್ಲ ಹೊಸದಕ್ಕೆ ತಂದುಕೊಂಡು, ಹಳೆಯದರಲ್ಲಿ ಖಾತೆಗಳಿಂದ ಸೈನ್ ಔಟ್ ಆಗಿ, ಐಫೋನಾದರೆ ಕಳೆದ ಫೋನನ್ನು ಹುಡುಕಿಕೊಡುವ ಫೈಂಡ್ ಮೈ ಸೌಲಭ್ಯವನ್ನು ಆಫ್ ಮಾಡಿ, ಪೂರ್ತಿ ರೀಸೆಟ್ ಮಾಡಿ, ಅದರ ಡಬ್ಬಿಯನ್ನೂ ಹಳೆಯ ಬಿಲ್ಲನ್ನೂ ಜೊತೆಗಿಟ್ಟು ಅಪ್ಪನಿಗೋ ಅತ್ತೆಗೋ ಕೊಡಿ.